ಮ್ಯಾಗ್ನೆಟ್ ಚಾರ್ಜರ್: ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ಫೋನಿನ ಬೆನ್ನಿಗೆ ಟಪ್ಪನೆ ಅಂಟಿಕೊಳ್ಳುವ ವೈರ್‌ಲೆಸ್ ಚಾರ್ಜರ್‌ಗಳು ಈಗ ಸಣ್ಣ ಅಂಗಡಿಗಳಲ್ಲೂ ಸಿಗುತ್ತಿವೆ. 2020ರಲ್ಲಿ ಐಫೋನ್ 12ರ ಜೊತೆ ಆಪಲ್ ತಂದ ಮ್ಯಾಗ್‌ಸೇಫ್, 2023ರಲ್ಲಿ ಬಂದ ಚಿ2 (Qi2) ಎಂಬ, ಎಲ್ಲ ಕಂಪನಿಗಳೂ ಬಳಸಬಹುದಾದ ವೈರ್‌ಲೆಸ್ ಚಾರ್ಜಿಂಗ್ ಮಾನದಂಡಕ್ಕೆ ತಳಹದಿಯಾಯಿತು. ಹಳೆಯ ಪ್ಯಾಡ್‌ನಲ್ಲಿ ಫೋನ್ ತುಸು ಸರಿದರೂ ಎರಡೂ ಕಡೆಯ ತಂತಿಸುರುಳಿಗಳು ತಪ್ಪಿ, ವಿದ್ಯುತ್ ಶಾಖವಾಗಿ ಪೋಲಾಗುತ್ತಿತ್ತು. ಬೆಳಿಗ್ಗೆ ನೋಡಿದರೆ ಚಾರ್ಜೇ ಇಲ್ಲ. ಆಯಸ್ಕಾಂತದ ಉಂಗುರ ಈ ಕಾಟ ತಪ್ಪಿಸಿದೆ. ಚಾರ್ಜಿಂಗ್ ಪೋರ್ಟ್ ಸವೆಯುವುದೂ ಕಡಿಮೆ.

ಆದರೆ ಪೆಟ್ಟಿಗೆಯ ಮೇಲೆ ‘15 ವ್ಯಾಟ್’ ಎಂದಿದ್ದರೆ ಸಾಲದು. ಕನಿಷ್ಠ 20 ವ್ಯಾಟ್‌ನ ಯುಎಸ್‌ಬಿ-ಸಿ ಪಿಡಿ (ಪವರ್ ಡೆಲಿವರಿ ಎಂಬ ವೇಗದ ಚಾರ್ಜಿಂಗ್) ಅಡಾಪ್ಟರ್ ಬೇಕು. ಹಳೆಯ 5 ವ್ಯಾಟ್‌ನದಕ್ಕೆ ಸಿಕ್ಕಿಸಿದರೆ ಆಮೆಗತಿಯೇ. ಆಯಸ್ಕಾಂತವಿದ್ದರೂ ಪ್ರಮಾಣೀಕರಣವಿಲ್ಲದ ಅಗ್ಗದ ಪ್ಯಾಡ್‌ಗಳಲ್ಲಿ ಐಫೋನ್ ಸಾಮಾನ್ಯವಾಗಿ 7.5 ವ್ಯಾಟ್ ದಾಟುವುದಿಲ್ಲ. ಗ್ಯಾಲಕ್ಸಿ ಎಸ್25 ಫೋನಿನೊಳಗೆ ಆಯಸ್ಕಾಂತವೇ ಇಲ್ಲ, ಅದಕ್ಕೆ ಉಂಗುರವಿರುವ ಕವರ್ ಬೇರೆ ಕೊಳ್ಳಬೇಕು. ‘ಚಿ2 ರೆಡಿ’ ಎಂದರೆ ಇಷ್ಟೇ!

ದೊಡ್ಡ ತೊಂದರೆ ಶಾಖದ್ದು. ಬ್ಯಾಟರಿ ಬೇಗ ಮುಪ್ಪಾಗುವುದು ಇದರಿಂದಲೇ. ಬಿಸಿಲಿಗೆ ಬಿದ್ದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮ್ಯಾಪ್ ಹಾಕಿಕೊಂಡೇ ಚಾರ್ಜ್ ಮಾಡಿದರೆ ಫೋನ್ ತಾನೇ ವೇಗ ತಗ್ಗಿಸುತ್ತದೆ, ಕೆಲವೊಮ್ಮೆ 80%ಕ್ಕೇ ನಿಲ್ಲಿಸುತ್ತದೆ. ಅವಸರವಿದ್ದರೆ ವೈರೇ ವಾಸಿ.

ಫೋನಿಗೂ ಪ್ಯಾಡ್‌ಗೂ ನಡುವೆ ನಾಣ್ಯ, ಕೀಲಿ ಅಥವಾ ಕಪ್ಪು ಪಟ್ಟಿಯ ಕಾರ್ಡ್ ಇರಕೂಡದು. ಪೇಸ್‌ಮೇಕರ್ ಇರುವವರು ಆಯಸ್ಕಾಂತವಿರುವ ಫೋನನ್ನು ಅಂಗಿಯ ಜೇಬಿನಲ್ಲಿಡದೆ ಎದೆಯಿಂದ 15 ಸೆಂ.ಮೀ.ಗಿಂತ ದೂರ, ಚಾರ್ಜ್ ಆಗುತ್ತಿದ್ದರೆ 30 ಸೆಂ.ಮೀ.ಗಿಂತ ದೂರ ಇಡಬೇಕು. ಮಾರುವವರು ಇದನ್ನು ಬಾಯಿಬಿಟ್ಟು ಹೇಳುವುದು ಅಪರೂಪ.

– ಮೊಬೈಲ್ ದುರಸ್ತಿ ತಂತ್ರಜ್ಞರು