ಜೈಸಲ್ಮೇರ್ ನಡಿಗೆಗೆ ಹೆಸರು ಕೊಟ್ಟಿರೋರು ಪೂರ್ತಿ ಓದಿ

ಎಲ್ರಿಗೂ ನಮಸ್ಕಾರ. ಏಪ್ರಿಲ್ ಮೊದಲ ವಾರ ಜೈಸಲ್ಮೇರ್‌ನಿಂದ ಸಮ್ ಮರಳುದಿಬ್ಬದವರೆಗೆ, ಸುಮಾರು 40 ಕಿಮೀ, ಆಮೇಲೆ ಖುರಿ ಹಳ್ಳಿ ಕಡೆಗೆ ನಡೆಯೋದು ಅಂತ ಪ್ಲಾನ್ ಇದೆಯಲ್ಲ, ಆ ಟೈಮಲ್ಲಿ ಅಲ್ಲಿ ಬಿಸಿಲು 40 ಡಿಗ್ರಿ ದಾಟಬಹುದು. ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಿದೀವಿ ಅನ್ನೋ ಧೈರ್ಯ ಒಂದೇ ಸಾಲಲ್ಲ, ಇಲ್ಲಿ ಶೋಲಾ ಕಾಡಿನ ನೆರಳು ಇರುತ್ತೆ, ಅಲ್ಲಿ ಒಣಗಾಳಿಗೆ ಬೆವರು ಬಂದಿದ್ದೇ ಗೊತ್ತಾಗದೆ ಆರಿಹೋಗುತ್ತೆ, ನೀರು ಕಮ್ಮಿ ಆಗಿರೋದು ತಲೆನೋವು ಶುರುವಾದ್ಮೇಲೇ ತಿಳಿಯೋದು.

ಅದಕ್ಕೇ ಬೆಳಗಿನ ಜಾವ ಹೊರಟು 10ರೊಳಗೆ ನಿಲ್ಲಿಸೋದು, ಮತ್ತೆ ಸಂಜೆ 4ರ ಮೇಲೆ. ಸಡಿಲವಾದ ತುಂಬುತೋಳಿನ ಕಾಟನ್ ಬಟ್ಟೆ, ಅಗಲ ಟೋಪಿ, ಓಆರ್‌ಎಸ್ ಪ್ಯಾಕೆಟ್ ಕಡ್ಡಾಯ (ಒಂದು ಪ್ಯಾಕೆಟ್‌ಗೆ ಒಂದು ಲೀಟರ್ ನೀರು, ಅರ್ಧ ಲೀಟರ್‌ಗೆ ಹಾಕ್ಬೇಡಿ). ಯಾರಾದ್ರೂ ತೊದಲಿದ್ರೆ, ಗಲಿಬಿಲಿ ಆದ್ರೆ ಅದು ಹೀಟ್ ಸ್ಟ್ರೋಕ್ ಇರಬಹುದು, ತಕ್ಷಣ ನೆರಳು, ಮೈಮೇಲೆ ನೀರು, ಆಸ್ಪತ್ರೆ. ದೇಹ ಸೆಕೆಗೆ ಒಗ್ಗೋಕೆ ಒಂದೆರಡು ವಾರ ಬೇಕು, ಈಗಿಂದ್ಲೇ ದಿನಾ ಬಿಸಿಲಲ್ಲಿ ಸ್ವಲ್ಪ ಸ್ವಲ್ಪ ನಡೀರಿ.

ಬಿಪಿ, ಶುಗರ್ ಮಾತ್ರೆ ತಗೊಳೋರು ಡಾಕ್ಟರನ್ನ ಕೇಳಿ ನಂಗೆ ಪರ್ಸನಲ್ಲಾಗಿ ಹೇಳಿ, ಸಂಕೋಚ ಬೇಡ. ಗಡಿ ಕಡೆ ಕೆಲವು ಜಾಗಕ್ಕೆ ಪರ್ಮಿಟ್ ಬೇಕು, ಆಧಾರ್ ಕಾಪಿ ಕಳಿಸಿ. ಭಾನುವಾರ ಸಂಜೆ 4ಕ್ಕೆ ಮಡಿಕೇರಿ ರಾಜಾಸೀಟ್ ಹತ್ರ ಸೇರೋಣ, ಬರೋರು ಶುಕ್ರವಾರದೊಳಗೆ ‘ಬರ್ತೀನಿ’ ಅಂತ ಹಾಕಿ.