ಸಿಂಗಪುರ–ಟೋಕಿಯೋ ವಿಮಾನ: ಸಮಯದ ಲೆಕ್ಕ

ಎಲ್ಲರಿಗೂ ನಮಸ್ಕಾರ. ಶುಕ್ರವಾರ ರಾತ್ರಿ ಟೋಕಿಯೋಗೆ ಹೊರಡುವ ಹನ್ನೆರಡು ಮಂದಿಗೆ ಈ ಸೂಚನೆ.

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಿಂದ ಟೋಕಿಯೋದ ನರಿತಾ ನಿಲ್ದಾಣಕ್ಕೆ ಸುಮಾರು 5,350 ಕಿ.ಮೀ., ಹಾರಾಟ ಹೆಚ್ಚುಕಡಿಮೆ ಏಳು ಗಂಟೆ. ಟಿಕೆಟ್‌ನಲ್ಲಿ ಹೊರಡುವುದು ರಾತ್ರಿ 11:30, ತಲುಪುವುದು ಬೆಳಿಗ್ಗೆ 7:30 ಎಂದಿರುವುದನ್ನು ನೋಡಿ ಕೆಲವರು ಎಂಟು ಗಂಟೆ ಎಂದುಕೊಂಡಿದ್ದೀರಿ. ಟೋಕಿಯೋ ಗಡಿಯಾರ ಸಿಂಗಪುರಕ್ಕಿಂತ ಒಂದು ಗಂಟೆ ಮುಂದಿದೆ, ಅಷ್ಟೇ. ಮರಳುವಾಗ ಮಾತ್ರ ಎದುರುಗಾಳಿ. ಜಪಾನಿನ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ (ಬಹು ಎತ್ತರದ ವೇಗದ ಗಾಳಿ) ಚಳಿಗಾಲದಲ್ಲಿ ಬಲು ಜೋರು. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಹೆಚ್ಚು ಹಿಡಿದೀತು. ಅಂದು ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ನರಿತಾದಿಂದ ನಗರದ ನಡುವಿಗೆ ಇನ್ನೂ 60 ಕಿ.ಮೀ. ಇದೆ. ವಲಸೆ ತಪಾಸಣೆಯ ಸಾಲು, ಸಾಮಾನು, ರೈಲು ಎಲ್ಲ ಸೇರಿದರೆ ಮಧ್ಯಾಹ್ನವೇ ಹತ್ತಿರವಾಗಬಹುದು. ದಯವಿಟ್ಟು ಶನಿವಾರ ಬೆಳಗಿನ ಭೇಟಿಗೆ ಯಾರೂ ಒಪ್ಪಿಕೊಳ್ಳಬೇಡಿ.

ರಾತ್ರಿ 8:30ಕ್ಕೆ ಚೆಕ್-ಇನ್ ಸಾಲಿನ ಬಳಿ ಸೇರೋಣ. ಅದಕ್ಕೆ ಮೊದಲೇ ವಿಸಿಟ್ ಜಪಾನ್ ವೆಬ್‌ನಲ್ಲಿ (ವಲಸೆ, ಕಸ್ಟಮ್ಸ್ ತಪಾಸಣೆಗೆಂದು ಜಪಾನ್ ಸರ್ಕಾರ ನಡೆಸುವ ಜಾಲತಾಣ) ವಿವರ ತುಂಬಿ, ಕ್ಯೂಆರ್ ಕೋಡ್ ಅನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಮೊಣಕಾಲು ನೋವಿರುವ ಹಿರಿಯರು ಸಂಕೋಚಪಡದೆ ಹೇಳಿ, ಗಾಲಿಕುರ್ಚಿಗೆ ಮೊದಲೇ ತಿಳಿಸಬೇಕು.

ಓದಿದವರು ಮಂಗಳವಾರದೊಳಗೆ ‘ಸರಿ’ ಎಂದು ಉತ್ತರಿಸಿ.