ಅಮೀನಾ ಲವಾಲ್ ಬಗ್ಗೆ ಬರೀತಿರೋ ತಂಗಿಗೆ

ಪ್ರೀತಿಯ ತಂಗಿ,

ಹಾದರದ ಆರೋಪಕ್ಕೆ ಕಲ್ಲು ಹೊಡೆದು ಸಾಯಿಸೋ ಶಿಕ್ಷೆಗೆ ಗುರಿಯಾಗಿದ್ದ ನೈಜೀರಿಯಾದ ಅಮೀನಾ ಲವಾಲ್ ಬಗ್ಗೆ ನೀನು ಬರೆದ ಡ್ರಾಫ್ಟ್ ಓದಿದೆ. ಭಾಷೆ ಚೆನ್ನಾಗಿದೆ, ಸಿಟ್ಟೂ ಇದೆ, ಸಿಟ್ಟೇ ಬರದವರು ಇಂಥ ವಿಷಯಕ್ಕೆ ಕೈ ಹಾಕಬಾರದು ಅನ್ನೋಳು ನಾನು. ಆದ್ರೆ ಮೂರನೇ ಪ್ಯಾರಾದಲ್ಲಿ ಅಮೀನಾನ ಎದೆಮಟ್ಟ ಮಣ್ಣಲ್ಲಿ ಹೂತು, ಸುತ್ತ ಜನ ನಿಲ್ಸಿ, ಕಲ್ಲು ಹೊಡೆಸಿದೀಯಲ್ಲ, ಅದು ನಡೆದೇ ಇಲ್ಲ ಮಾರಾಯ್ತಿ. 2003ರ ಸೆಪ್ಟೆಂಬರ್ 25ಕ್ಕೆ ಅಲ್ಲಿನ ಕಟ್ಸಿನಾ ರಾಜ್ಯದ ಷರಿಯಾ ಅಪೀಲು ಕೋರ್ಟು ಅವಳ ಶಿಕ್ಷೆ ರದ್ದು ಮಾಡ್ತು, ಐದು ಜನ ಜಡ್ಜುಗಳಲ್ಲಿ ನಾಲ್ಕು ಜನ ಅವಳ ಪರ. ಅವಳಿಗಿಂತ ಮುಂಚೆ ಸೊಕೊಟೋ ರಾಜ್ಯದ ಸಫಿಯಾ ಹುಸೈನಿಗೂ ಇದೇ ಶಿಕ್ಷೆ ಆಗಿತ್ತು, ಅವಳೂ 2002ರ ಮಾರ್ಚಲ್ಲಿ ಬಿಡುಗಡೆ ಆದ್ಲು. ಸಾಯದೇ ಇರೋ ಹೆಂಗಸನ್ನ ಕಥೆಗೋಸ್ಕರ ಸಾಯಿಸಬೇಡ. ಅವಳು ಉಳ್ಕೊಂಡಿದ್ದು ಹೇಗೆ ಅನ್ನೋದು ನಿಜವಾಗ್ಲೂ ಅದಕ್ಕಿಂತ ದೊಡ್ಡ ಕಥೆ, ಅದು ನಿನ್ನ ಡ್ರಾಫ್ಟಲ್ಲಿ ಒಂದು ಲೈನೂ ಇಲ್ಲ.

ಇನ್ನೊಂದು, "ಷರಿಯಾ ಹೀಗೆ ಹೇಳುತ್ತೆ" ಅಂತ ಐದಾರು ಕಡೆ ಬರ್ದಿದೀಯ. ಯಾವ ಷರಿಯಾ, ಯಾರ ಓದು? ಕುರಾನಿನ ಅನ್-ನೂರ್ ಅಧ್ಯಾಯದಲ್ಲಿ ಹಾದರಕ್ಕೆ ನೂರು ಛಡಿ ಏಟು ಅಂತಿದೆ, ಗಂಡಿಗೂ ಅಷ್ಟೇ ಹೆಣ್ಣಿಗೂ ಅಷ್ಟೇ. ಕಲ್ಲು ಹೊಡೆಯೋದು ಅಲ್ಲಿಲ್ಲ, ಅದು ಬಂದಿದ್ದು ಹದೀಸುಗಳ, ಅಂದ್ರೆ ಪ್ರವಾದಿಯ ಮಾತು-ನಡೆಗಳ ವರದಿಗಳ, ದಾರಿಯಿಂದ. ಅದೇ ಅಧ್ಯಾಯದಲ್ಲಿ, ಒಬ್ಬ ಹೆಂಗಸಿನ ಮೇಲೆ ಈ ಆರೋಪ ಹೊರಿಸಿ ನಾಲ್ಕು ಸಾಕ್ಷಿ ತರೋಕಾಗದಿದ್ರೆ ಆರೋಪ ಮಾಡಿದವನಿಗೇ ಎಂಬತ್ತು ಏಟು ಅಂತಲೂ ಇದೆ. ಆ ನಾಲ್ಕು ಜನ ಕಣ್ಣಾರೆ ಕಂಡಿರಬೇಕು, ಬಾಗಿಲು ಹಾಕಿತ್ತು, ಒಳಗೆ ಇಬ್ಬರೇ ಇದ್ರು ಅಂದ್ರೆ ನಡೆಯಲ್ಲ. ಅಷ್ಟು ಸಾಕ್ಷಿ ಯಾರಿಗೆ ಸಿಗತ್ತೆ ಹೇಳು? ಹಾಗಿದ್ಮೇಲೆ ಅಮೀನಾ ಸಿಕ್ಕಿಬಿದ್ದಿದ್ದು ಹೇಗೆ?

ಬಸುರಿಯಾಗಿ. ನಿನ್ನ ಲೇಖನದ ಜೀವ ಇರೋದು ಇಲ್ಲೇ. ಉತ್ತರ ನೈಜೀರಿಯಾದಲ್ಲಿ ನಡೆಯೋದು ಸುನ್ನಿಗಳ ನಾಲ್ಕು ಕಾನೂನು ಪಂಥಗಳಲ್ಲಿ ಒಂದಾದ ಮಾಲಿಕಿ ಪಂಥ, ಅದರ ಪ್ರಕಾರ ಗಂಡ ಇಲ್ಲದ ಹೆಂಗಸು ಬಸುರಿಯಾದ್ರೆ ಅದೇ ಅವಳ ವಿರುದ್ಧ ಪುರಾವೆ ಆಗಬಹುದು. ಬಾಕಿ ಸುನ್ನಿ ಪಂಥಗಳ ಬಹುಪಾಲು ವಿದ್ವಾಂಸರು ಬರೀ ಬಸುರನ್ನ ಪುರಾವೆ ಅಂತ ಒಪ್ಪಲ್ಲ. ಅಮೀನಾ ಗಂಡ ಬಿಟ್ಟ ಹಳ್ಳಿ ಹೆಂಗಸು, ಮಗು ಹುಟ್ತು, ಕೇಸಾಯ್ತು, 2002ರ ಮಾರ್ಚಲ್ಲಿ ಬಕೋರಿಯ ಕೋರ್ಟಲ್ಲಿ ಒಬ್ಬನೇ ಜಡ್ಜು ಕೂತು ಕಲ್ಲು ಹೊಡೆದು ಸಾಯಿಸಿ ಅಂದ. ಅವಳಿಗೆ ವಕೀಲರಿಲ್ಲ, ತಪ್ಪೊಪ್ಪಿಗೆ ಅಂದ್ರೆ ಮುಂದೇನಾಗತ್ತೆ ಅಂತ ಬಿಡಿಸಿ ಹೇಳಿದವರೂ ಇಲ್ಲ. ಮಗುವಿನ ಅಪ್ಪ ಅಂತ ಅವಳು ತೋರಿಸಿದ ಗಂಡಸು? ನಾನಲ್ಲ ಅಂದ, ಕುರಾನ್ ಮುಟ್ಟಿ ಪ್ರಮಾಣ ಮಾಡ್ದ, ಮನೆಗೆ ಹೋದ. ಗಂಡಸಿನ ಮೈಯಲ್ಲಿ ಪುರಾವೆ ಬೆಳೆಯಲ್ವಲ್ಲ. ಕಾನೂನಿನ ಪುಸ್ತಕದಲ್ಲಿ ಇಬ್ಬರಿಗೂ ಒಂದೇ ಶಿಕ್ಷೆ, ಕೋರ್ಟಿಗೆ ಬಂದಾಗ ಒಬ್ಬಳಿಗೆ ಮಾತ್ರ. ನಿನ್ನ ಡ್ರಾಫ್ಟಲ್ಲಿ ಆ ಗಂಡಸಿಗೆ ಅರ್ಧ ವಾಕ್ಯ ಕೊಟ್ಟಿದೀಯ, ಒಂದು ಪ್ಯಾರಾ ಕೊಡು.

ಆಗಸ್ಟಲ್ಲಿ ಫುಂಟುವಾದ ಮೇಲಿನ ಕೋರ್ಟು ಅಪೀಲು ತಳ್ಳಿಹಾಕ್ತು, ಆದ್ರೆ ಮಗು ಹಾಲು ಬಿಡೋವರೆಗೂ, ಅಂದ್ರೆ 2004ರ ಜನವರಿವರೆಗೂ, ಶಿಕ್ಷೆ ಬೇಡ ಅಂತು. ಇದನ್ನ ನೀನು ಬರಿ, ವಿಶೇಷಣ ಏನೂ ಹಾಕ್ಬೇಡ, ಹಾಗೇ ಬರಿ ಸಾಕು. ಮಗುವನ್ನ ಮಡಿಲಲ್ಲಿ ಹಾಕ್ಕೊಂಡು ಕೋರ್ಟಲ್ಲಿ ಕೂತಿರೋ ತಾಯಿಗೆ ಅದು ಹಾಲು ಕುಡಿಯೋ ದಿನ ಲೆಕ್ಕ ಹಾಕಿ ಸಾವಿನ ಟೈಮು ಕೊಟ್ಟಿದ್ದಾರೆ, ಇದರ ಮೇಲೆ ನೀನು "ಅಮಾನುಷ" ಅಂತ ಬೇರೆ ಸೇರಿಸಿದ್ರೆ ಓದೋರಿಗೆ ಏನು ಉಳೀತು?

ಆಮೇಲೆ ವಕೀಲರ ಕೆಲಸ. ಹವ್ವಾ ಇಬ್ರಾಹಿಂ, ಅಲಿಯು ಮೂಸಾ ಯಾವುರಿ, ಇವರೆಲ್ಲ ಅಲ್ಲಿನವರೇ, ಮುಸ್ಲಿಮರೇ. ಕೋರ್ಟಿಗೆ ಹೋಗಿ ನಿಮ್ಮ ಷರಿಯಾನೇ ಸರಿಯಿಲ್ಲ ಅಂತ ಕೂಗಲಿಲ್ಲ ಅವ್ರು, ನಿಮ್ಮ ಷರಿಯಾ ಪ್ರಕಾರಾನೇ ಈ ತೀರ್ಪು ನಿಲ್ಲಲ್ಲ ಅಂದ್ರು. ಮೂರು ಜಡ್ಜು ಕೂರಬೇಕಾದಲ್ಲಿ ಒಬ್ಬನೇ ಕೂತಿದ್ದ, ತಪ್ಪೊಪ್ಪಿಗೆ ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು, ಅವಳಿಗೆ ವಾದ ಮಾಡೋ ಅವಕಾಶಾನೇ ಸರಿಯಾಗಿ ಸಿಕ್ಕಿಲ್ಲ, ಹೀಗೆ ಒಂದೊಂದೇ. ಜೊತೆಗೆ ಹೊಟ್ಟೆಯಲ್ಲಿ ಮಲಗಿರೋ ಕೂಸಿನ ವಾದ, ಮಾಲಿಕಿ ಪಂಡಿತರ ಪ್ರಕಾರ ಗರ್ಭ ಐದು ವರ್ಷದವರೆಗೂ ಒಳಗೇ ಮಲಗಿರಬಹುದು, ಹಾಗಾಗಿ ಮಗು ಬಿಟ್ಟ ಗಂಡನದ್ದೇ ಇರಬಹುದು ಅಂತ. ನೀನು ಇದನ್ನ ಓದಿ ನಗ್ತೀಯ ಅಂತ ಗೊತ್ತು, ನಾನೂ ನಕ್ಕಿದ್ದೆ. ಆದ್ರೆ ಗಂಡ ಊರಲ್ಲಿಲ್ಲದಾಗಲೋ ಸತ್ತ ಮೇಲೋ ಮಗು ಹೆತ್ತ ಹೆಂಗಸರ ಪ್ರಾಣ ಉಳಿಸೋಕೆ ಇದಕ್ಕಿಂತ ಒಳ್ಳೇ ಬಾಗಿಲು ಬೇರೆ ಇರಲಿಲ್ಲ ನೋಡು, ಡಾಕ್ಟರು ಒಪ್ಪಲಿ ಬಿಡಲಿ.

ಈಗ ನಿನ್ನ ಕೊನೇ ಭಾಗ, ಜಗತ್ತೆಲ್ಲ ಒಂದಾಗಿ ಪತ್ರ ಬರೆದು ಅವಳನ್ನ ಉಳಿಸ್ತು ಅನ್ನೋದು. ಇದನ್ನ ಪೂರ್ತಿ ಹೊಸದಾಗಿ ಬರೀಬೇಕು. ಅಲ್ಲೇ ಕೆಲಸ ಮಾಡ್ತಿದ್ದ ಬಾವೋಬಾಬ್ ಅನ್ನೋ ಹೆಣ್ಮಕ್ಕಳ ಹಕ್ಕಿನ ಸಂಸ್ಥೆ 2003ರ ಮೇನಲ್ಲಿ, ದಯವಿಟ್ಟು ಈ ಪತ್ರ ಚಳವಳಿ ನಿಲ್ಲಿಸಿ ಅಂತ ಬಹಿರಂಗವಾಗಿ ಕೇಳ್ಕೊಂಡಿತ್ತು! ಆಗ ಓಡಾಡ್ತಿದ್ದ ಇಮೇಲಲ್ಲಿ ನೈಜೀರಿಯಾದ ಸುಪ್ರೀಂ ಕೋರ್ಟೇ ಶಿಕ್ಷೆ ಎತ್ತಿಹಿಡಿದಿದೆ ಅಂತಿತ್ತು, ಕೇಸು ಇನ್ನೂ ಕಟ್ಸಿನಾದ ಅಪೀಲು ಕೋರ್ಟಲ್ಲೇ ಇತ್ತು. ಹೊರಗಿನ ಪತ್ರ ನೋಡಿ ಅಲ್ಲಿನ ಅಧಿಕಾರಿಗಳು ಹಟಕ್ಕೆ ಬೀಳ್ತಾರೆ ಅನ್ನೋ ಭಯ ಬಾವೋಬಾಬಿನವರಿಗೆ ಇದ್ದಿದ್ದು ಸುಮ್ನೆ ಅಲ್ಲ. ಷರಿಯಾ ಕ್ರಿಮಿನಲ್ ಕಾನೂನು ಮೊದಲು ತಂದ ಜಂಫಾರಾ ರಾಜ್ಯದಲ್ಲಿ ಬಾರಿಯಾ ಮಗಾಜು ಅನ್ನೋ ಚಿಕ್ಕ ಹುಡುಗಿಗೆ, ಅವಳ ಅಪೀಲು ವಿಚಾರಣೆಗೆ ಬರೋಕೆ ಮುಂಚೇನೇ, 2001ರ ಜನವರಿಯಲ್ಲಿ ನೂರು ಏಟು ಹೊಡೆದು ಮುಗಿಸಿಬಿಟ್ರು, ಹೊರಗಿಂದ ಬಂದ ಪತ್ರಗಳಿಗೆ ಬಗ್ಗಲ್ಲ ಅಂತ ಅಲ್ಲಿನ ಗವರ್ನರು ಜಂಬ ಕೊಚ್ಕೊಂಡಿದ್ದನ್ನೂ ಬಾವೋಬಾಬಿನವರು ಬರೆದಿದ್ದಾರೆ. ಅಮೀನಾ ಕಥೆಯಲ್ಲಿ ನಿನಗೆ ಹೀರೋಯಿನ್ ಬೇಕಾದ್ರೆ ಫೈಲು ಹಿಡ್ಕೊಂಡು ಕಟ್ಸಿನಾಗೆ ಓಡಾಡಿದವರಲ್ಲಿ ಹುಡುಕು, ಸಹಿ ಹಾಕಿದ ನಮ್ಮಂಥವರಲ್ಲಿ ಅಲ್ಲ. ಹಾಗಂತ ಹೊರಗಿನವರು ಬಾಯಿ ಮುಚ್ಕೊಂಡಿರಬೇಕು ಅಂತ ನಾನು ಹೇಳ್ತಿಲ್ಲ, ಅಲ್ಲಿರೋರನ್ನ ಕೇಳಿ ಮಾತಾಡ್ಬೇಕು ಅಂತ ಅಷ್ಟೇ.

ಪಾಕಿಸ್ತಾನದ್ದು ಇದರಲ್ಲಿ ತುರುಕಬೇಡ. ಹಾದರದಂಥದ್ದಕ್ಕೆ ಷರಿಯಾ ಶಿಕ್ಷೆ ತಂದ 1979ರ ಹುದೂದ್ ಕಾನೂನು, ಅತ್ಯಾಚಾರಕ್ಕೆ ಒಳಗಾಗಿ ಬಸುರಾದ ಕಣ್ಣು ಕಾಣದ ಸಫಿಯಾ ಬೀಬಿಗೇ ಶಿಕ್ಷೆ ಕೊಟ್ಟಿದ್ದು, ಹೆಂಗಸರು ಬೀದಿಗಿಳಿದಿದ್ದು, 2006ರ ತಿದ್ದುಪಡಿ, ಅದು ಬೇರೇನೇ ಲೇಖನ, ಮುಂದಿನ ಸಲ ಬರಿ.

ಇಲ್ಲಿನ ಓದುಗರಿಗೆ ಮಾತ್ರ ಒಂದು ವಿಷಯ ಹೇಳ್ಲೇಬೇಕು, ಯಾಕಂದ್ರೆ ಇದನ್ನ ಓದಿ ಪಕ್ಕದ ಮನೆಯ ಮುಸ್ಲಿಂ ಹೆಂಗಸಿಗೂ ಇದೇ ಗತಿ ಅಂತ ಷೇರ್ ಮಾಡೋರು ಇದ್ದೇ ಇರ್ತಾರೆ. ನಮ್ಮಲ್ಲಿ ಮುಸ್ಲಿಂ ವೈಯಕ್ತಿಕ ಕಾನೂನು ಇರೋದು ಮದುವೆ, ತಲಾಖ್, ಆಸ್ತಿ ಇಂಥದ್ದಕ್ಕೆ, ಶಿಕ್ಷೆಗೆ ಅಲ್ಲ, ಕ್ರಿಮಿನಲ್ ಕಾನೂನು ಎಲ್ಲರಿಗೂ ಒಂದೇ. ಆ ಒಂದೇ ಕಾನೂನಿನ, ಅಂದ್ರೆ ಭಾರತೀಯ ದಂಡ ಸಂಹಿತೆಯ, 497ನೇ ಸೆಕ್ಷನ್ನು 2018ರವರೆಗೂ ಗಂಡನ ಒಪ್ಪಿಗೆ ಇದ್ರೆ ಅದು ಹಾದರವೇ ಅಲ್ಲ ಅಂತಿತ್ತು, ಹೆಂಡತಿ ಗಂಡನ ಸೊತ್ತು ಅನ್ನೋ ಹಾಗೆ. ಸುಪ್ರೀಂ ಕೋರ್ಟು ಅದನ್ನ ಹೊಡೆದುಹಾಕ್ತು. ಇದಕ್ಕೆ ಎರಡು ಲೈನ್ ಸಾಕು, ಭಾಷಣ ಬೇಡ.

ಟೈಟಲ್ಲಲ್ಲಿ "ಕಲ್ಲು" ಇದೆ, ತೆಗಿ. ಪದ ಜಾಸ್ತಿ ಆಗತ್ತೆ ಅಂತ ಬಕೋರಿ ಕೋರ್ಟಿನ ಭಾಗ ಕತ್ತರಿಸಬೇಡ, ಬೇಕಾದ್ರೆ ನಿನ್ನ ಪೀಠಿಕೆ ಕತ್ತರಿಸು, ಅದು ಅಷ್ಟೇನೂ ಚೆನ್ನಾಗಿಲ್ಲ. ತಿದ್ದಿದ ಮೇಲೆ ವಾಟ್ಸಾಪಲ್ಲಿ ಕಳ್ಸಬೇಡ, ನನ್ನ ಕಣ್ಣಿಗೆ ಆಗಲ್ಲ, ಪ್ರಿಂಟ್ ತೆಗ್ದು ಪೋಸ್ಟ್ ಮಾಡು.

ನಿನ್ನ ಅಕ್ಕ